ಮನೆಯೇ ಕಾಯಕದ ನೆಲೆಯಾದಾಗ

ಒಂದು ಕಾಲದಲ್ಲಿ ನಮ್ಮ ನಾಡಿನ ಮನೆಗೂ ದುಡಿಮೆಗೂ ನಡುವೆ ಹೊಸ್ತಿಲಷ್ಟೇ ಅಂತರವಿತ್ತು. ನೇಕಾರನ ಮಗ್ಗ ಪಡಸಾಲೆಯಲ್ಲಿರುತ್ತಿತ್ತು. ಅದರ ಪಕ್ಕದಲ್ಲೇ ತೊಟ್ಟಿಲು ತೂಗುತ್ತಿತ್ತು. ಕಾರ್ಖಾನೆ, ಕಚೇರಿಗಳು ಬಂದ ಮೇಲೆ ದುಡಿಮೆಯು ಮನೆಯಿಂದ ದೂರ ಸರಿಯಿತು. ಇಂದು ಗಣಕಯಂತ್ರವು ಅದನ್ನು ಮರಳಿ ಮನೆಗೆ ತಂದಿದೆ. ಹೀಗೆ ಬಂದ ಅತಿಥಿಯನ್ನು ಎಲ್ಲಿ ಕೂರಿಸಬೇಕು, ಎಷ್ಟು ಹೊತ್ತು ಇರಿಸಿಕೊಳ್ಳಬೇಕು ಎಂಬುದು ನಮ್ಮ ಅನೇಕ ಕುಟುಂಬಗಳ ಮುಂದಿರುವ ಪ್ರಶ್ನೆಯಾಗಿದೆ.

ಈ ಪದ್ಧತಿಯು 2020ರ ಕೊರೊನಾ ಕಾಲದಲ್ಲಿ ಹುಟ್ಟಿತೆಂದು ಹಲವರು ಭಾವಿಸಿದ್ದಾರೆ. ಅದರ ಬೇರು ಇನ್ನೂ ಹಳೆಯದು. 1962ರಲ್ಲಿ ಇಂಗ್ಲೆಂಡಿನ ಸ್ಟೆಫನಿ ಶರ್ಲಿ ಎಂಬ ಮಹಿಳೆ ಕೇವಲ 6 ಪೌಂಡುಗಳ ಬಂಡವಾಳದಿಂದ, ತಮ್ಮ ಮನೆಯಲ್ಲಿಯೇ ಸಾಫ್ಟ್‌ವೇರ್ ಸಂಸ್ಥೆಯೊಂದನ್ನು ಆರಂಭಿಸಿದರು. ಮದುವೆ, ಮಕ್ಕಳ ಕಾರಣದಿಂದ ಉದ್ಯೋಗ ಬಿಟ್ಟ ವಿದ್ಯಾವಂತ ಹೆಂಗಸರಿಗೆ ಅವರವರ ಮನೆಯಲ್ಲೇ, ಅವರಿಗೆ ಅನುಕೂಲವಾದ ವೇಳೆಯಲ್ಲಿ ಕೆಲಸ ಕೊಟ್ಟರು. ಮೊದಲ 300 ಮಂದಿ ಸಿಬ್ಬಂದಿಯಲ್ಲಿ 297 ಮಂದಿ ಹೆಂಗಸರೇ ಆಗಿದ್ದರು. ಅವರು ಪೆನ್ಸಿಲಿನಿಂದ ಕಾಗದದ ಮೇಲೆ ಬರೆದ ಲೆಕ್ಕಾಚಾರಗಳು ಕಾಂಕಾರ್ಡ್ ವಿಮಾನದ ದಾಖಲೆಪೆಟ್ಟಿಗೆಗೂ ಉಪಯೋಗವಾದವು. ಆದರೆ ದೂರವಾಣಿಯಲ್ಲಿ ಮಗುವಿನ ಸದ್ದು ಕೇಳಿಸದಿರಲೆಂದು ಬೆರಳಚ್ಚು ಯಂತ್ರದ ಸದ್ದನ್ನು ಮುದ್ರಿಸಿ ಹಿನ್ನೆಲೆಯಲ್ಲಿ ನುಡಿಸಬೇಕಾಗಿತ್ತಂತೆ! ದುಡಿಯುವ ತಾಯಿ ತನ್ನ ತಾಯ್ತನವನ್ನೇ ಮರೆಮಾಚಬೇಕಾಗಿದ್ದ ಕಾಲವದು.

ನಮ್ಮ ದೇಶದಲ್ಲಿಯೂ ಕಾನೂನು ಮುಂದೆ ಸಾಗಿದೆ. 2017ರ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದು ವಿಧಿಸಿತು. ಕೆಲಸದ ಸ್ವರೂಪವು ಒಪ್ಪುವುದಾದರೆ, ರಜೆಯ ನಂತರ ಮನೆಯಿಂದ ದುಡಿಯಲು ಮಾಲೀಕರೊಡನೆ ಒಪ್ಪಂದ ಮಾಡಿಕೊಳ್ಳುವುದಕ್ಕೂ ಅವಕಾಶವಿತ್ತಿತು. ಆದರೆ ಕಾನೂನು ಕಚೇರಿಯ ಬಾಗಿಲವರೆಗೆ ಬರಬಲ್ಲುದೇ ಹೊರತು ಅಡುಗೆಮನೆಯೊಳಗೆ ಬರಲಾರದು.

ಇದನ್ನು ನಾವು ಬೆಂಗಳೂರಿನಲ್ಲಿರುವ ಮಗನ ಮನೆಯಲ್ಲಿ ಕಂಡೆವು. ಸೊಸೆ ಸಾಫ್ಟ್‌ವೇರ್ ಇಂಜಿನಿಯರ್. ಹೆರಿಗೆ ರಜೆ ಮುಗಿದ ಮೇಲೆ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡಲು ಅವಳಿಗೆ ಅನುಮತಿ ದೊರೆಯಿತು. ಎಲ್ಲರೂ ಸಂತೋಷಪಟ್ಟರು. ಆದರೆ ಮನೆಯಲ್ಲಿದ್ದಾಳೆಂದರೆ ಬಿಡುವಾಗಿದ್ದಾಳೆ ಎಂದೇ ಎಲ್ಲರ ಎಣಿಕೆ. ಗ್ಯಾಸ್ ಸಿಲಿಂಡರ್ ಬಂದರೆ ಅವಳೇ ಏಳಬೇಕು. ನೆಂಟರು ಬಂದರೆ ಅವಳೇ ಕಾಫಿ ಕೊಡಬೇಕು. ರಾತ್ರಿ 9 ಗಂಟೆಗೆ ಅಮೆರಿಕದವರೊಡನೆ ಸಭೆ. ಎರಡನೆಯ ತಿಂಗಳಲ್ಲಿ ರಾಜೀನಾಮೆ ಪತ್ರ ಸಿದ್ಧವಾಯಿತು. “ಕೆಲಸ ಬಿಡಲು ಮನಸ್ಸಿಲ್ಲ ಮಾವ, ದಿನವೇ ಸಾಲುತ್ತಿಲ್ಲ” ಎಂದಳು.

ಆ ಭಾನುವಾರ ಎಲ್ಲರೂ ಕುಳಿತು ಮಾತನಾಡಿದೆವು. ಪತ್ರವನ್ನು ಮೂರು ತಿಂಗಳು ತಡೆಹಿಡಿಯುವುದೆಂದು ತೀರ್ಮಾನವಾಯಿತು. ಮಗನೂ ತನ್ನ ಕಚೇರಿಯಲ್ಲಿ ಕೇಳಿ ಎರಡು ದಿನ ಮನೆಯಿಂದ ದುಡಿಯುವ ಅನುಮತಿ ಪಡೆದನು. ಮಗುವಿನ ಸ್ನಾನ, ಬೆಳಗಿನ ತಿಂಡಿ ಅವನ ಪಾಲಿಗೆ ಬಂದವು. ರಾತ್ರಿಯ ಸಭೆಗಳನ್ನು ವಾರಕ್ಕೆ ಎರಡಕ್ಕೆ ಇಳಿಸಲು ಅವಳ ತಂಡದವರು ಒಪ್ಪಿದರು. ಕೊಠಡಿಯ ಬಾಗಿಲು ಮುಚ್ಚಿದ್ದರೆ ಆಕೆ ಕಚೇರಿಯಲ್ಲಿದ್ದಾಳೆಂದೇ ತಿಳಿಯತಕ್ಕದ್ದು ಎಂಬ ನಿಯಮವಾಯಿತು. ಮುಂಜಾನೆ ಮಗುವನ್ನು ಆಡಿಸುವುದೂ ತರಕಾರಿ ಹೆಚ್ಚುವುದೂ ನಮ್ಮ ಕೆಲಸವಾಯಿತು.

ಇದನ್ನು ಕಂಡ ನೆಂಟರೊಬ್ಬರು, “ಪಂಡಿತರ ಕೈಯಲ್ಲಿ ಈಳಿಗೆಮಣೆಯೇ?” ಎಂದು ನಕ್ಕರು. ಮಠದ ಪ್ರಸಾದನಿಲಯದಲ್ಲಿ ಬೆಳೆದವರು ನಾವು. ಅಲ್ಲಿ ಹುಡುಗರೆಲ್ಲ ಸರದಿಯಂತೆ ತರಕಾರಿ ಹೆಚ್ಚುತ್ತಿದ್ದೆವು, ಪಂಕ್ತಿಯಲ್ಲಿ ಬಡಿಸುತ್ತಿದ್ದೆವು, ಪಾತ್ರೆ ಬೆಳಗುತ್ತಿದ್ದೆವು. ಅದು ಹೆಂಗಸರ ಕೆಲಸವೆಂದು ಅಲ್ಲಿ ಯಾರೂ ಹೇಳಲಿಲ್ಲ, ದಾಸೋಹವೆಂದರು. ಮಠದಲ್ಲಿ ದಾಸೋಹವಾದದ್ದು ಮನೆಯಲ್ಲಿ ಕೀಳಾಗುವುದೆಂತು? 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ತೊಡಗಿದ ಗಂಡಸರು 97 ನಿಮಿಷಗಳನ್ನೂ ಅದಕ್ಕೆ ಕೊಡುತ್ತಿದ್ದರು. ಈ ಅಂತರ ಹೀಗೆಯೇ ಉಳಿದರೆ ಮನೆಯಿಂದ ದುಡಿಯುವ ಸೌಲಭ್ಯವು ಹೆಣ್ಣುಮಗಳಿಗೆ ಎರಡು ಹೊರೆಗಳನ್ನು ಒಂದೇ ಸೂರಿನಡಿ ಹೊರಿಸಿದಂತಾಗುತ್ತದೆ.

ಎಲ್ಲವೂ ಸುಸೂತ್ರವಾಯಿತೆಂದು ನಾವು ಹೇಳುವುದಿಲ್ಲ. ಸೊಸೆಯ ಬಡ್ತಿ ಒಂದು ವರ್ಷ ತಡವಾಯಿತು. ಮಗನ ಗೆಳೆಯರು ಅವನನ್ನು ಗೇಲಿ ಮಾಡಿದ್ದುಂಟು. ಆದರೂ ರಾಜೀನಾಮೆ ಪತ್ರ ಇಂದಿಗೂ ಪೆಟ್ಟಿಗೆಯಲ್ಲಿಯೇ ಇದೆ. ಮೊಮ್ಮಗಳು ತಂದೆಯ ಕೈತುತ್ತಿಗೂ ಒಗ್ಗಿಕೊಂಡಿದ್ದಾಳೆ.

ಆದ್ದರಿಂದ ಹಿರಿಯರಲ್ಲಿ ನಮ್ಮ ವಿನಂತಿಯಿಷ್ಟೇ: ಮನೆಯಲ್ಲಿ ಕುಳಿತು ದುಡಿಯುವ ಮಗಳ, ಸೊಸೆಯ ಕೆಲಸವೂ ಕಾಯಕವೆಂದು ಗೌರವಿಸಿರಿ. ಆ ವೇಳೆಯಲ್ಲಿ ಬಾಗಿಲು ತಟ್ಟದಿರಿ; ಬಾಗಿಲ ಹೊರಗಿನ ಕೆಲಸದಲ್ಲಿ ಒಂದಿಷ್ಟನ್ನು ನಿಮ್ಮದಾಗಿಸಿಕೊಳ್ಳಿರಿ.