ನೀರು ಯಾವಾಗ ಬಂತು?

ಯುಟಿಲಿಟಿಯ ನೆಲದ ಮೇಲೆ ನೀರು ಹರಡಿಕೊಂಡಿದೆ. ಡಿಶ್‌ವಾಷರ್‌ನ ಮುಂದಿನ ಎಡಗಾಲಿನ ಬಳಿ ಶುರುವಾಗಿ, ನೆಲದ ವಾಟ ಹಿಡಿದು, ಮೂಲೆಯ ಜಾಲರಿಯ ಕಡೆಗೆ ಸಣ್ಣಗೆ ಹರಿಯುತ್ತಿದೆ. ಮಷೀನು ಕೆಲಸ ಮುಗಿಸಿ ಸುಮ್ಮನಾಗಿದೆ. ಬಾಗಿಲು ತೆಗೆದರೆ ಬಿಸಿ ಹಬೆ ಮುಖಕ್ಕೆ ಬಡಿಯುತ್ತದೆ. ಒಳಗೆ ಸ್ಟೀಲ್ ತಟ್ಟೆಗಳು ಫಳಫಳ ಅನ್ನುತ್ತಿವೆ. ತೊಳೆಯುವುದರಲ್ಲಿ ಕಿಂಚಿತ್ತೂ ಊನವಿಲ್ಲ. ಪರದೆಯ ಮೇಲೆ ದೋಷದ ಸೂಚನೆಯೂ ಇಲ್ಲ.

"ಬಾಗಿಲಿನ ರಬ್ಬರ್ ಹೋಗಿದೆ ಅಂತ ಫೋನಲ್ಲೇ ಹೇಳಿಬಿಟ್ಟ ಕಣೋ ರಿಪೇರಿಯವನು. ಹೊಸದು ಹಾಕಿಸ್ಬೇಕಂತೆ," ಅನ್ನುತ್ತಾಳೆ ಅಕ್ಕ, ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತು.

ಮೈಸೂರಿನ ಕುವೆಂಪುನಗರದಲ್ಲಿ ಅವಳ ಮನೆ. ಅಡುಗೆಮನೆಯ ಹಿಂದೆ ಯುಟಿಲಿಟಿ, ಅದರಾಚೆ ಕರಿಬೇವಿನ ಗಿಡ, ಕಾಂಪೌಂಡು. ಅಕ್ಕನಿಗೆ ಬೆರಳಿನ ಗೆಣ್ಣುಗಳಲ್ಲಿ ನೋವು. ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಕೈಯಾಡಿಸಿದರೆ ರಾತ್ರಿ ಮುಷ್ಟಿ ಕಟ್ಟಲು ಆಗುವುದಿಲ್ಲ. ಈ ಮಷೀನು ಬಂದ ಮೇಲೆ ಸಾರಿನ ಪಾತ್ರೆ, ಲೋಟ, ತಟ್ಟೆಗಳ ಗುಡ್ಡೆ ಅವಳ ಕೈಯಿಂದ ಹೋಗಿದೆ. ಅದು ಮತ್ತೆ ಅವಳ ಕೈಗೆ ಬರಬಾರದು. ನನಗಿರುವ ಆತುರ ಅದೊಂದೇ.

ಆದರೆ ರಬ್ಬರನ್ನು ನೋಡದೆ ರಬ್ಬರ್ ಹೋಗಿದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನೀರು ಸೋರುವ ಜಾಗವೇ ಬೇರೆ, ಕಾಣಿಸಿಕೊಳ್ಳುವ ಜಾಗವೇ ಬೇರೆ. ಹಿಂದೆ ಸೋರಿದ್ದು ವಾಟ ಇದ್ದರೆ ಮುಂದೆ ಬಂದು ನಿಲ್ಲುತ್ತದೆ. 'ಎಲ್ಲಿ' ಎಂದು ಹುಡುಕುತ್ತ ಹೋದರೆ ಒಳ್ಳೆಯ ಭಾಗಗಳನ್ನೆಲ್ಲ ಬಿಚ್ಚಿಡಬೇಕಾಗುತ್ತದೆ. ಮೊದಲು ಕೇಳಬೇಕಾದ್ದು 'ಯಾವಾಗ' ಅಂತ.

"ಯಾವಾಗ ಬರುತ್ತೆ ಅಕ್ಕ? ನೀರು ತುಂಬ್ಕೊಳ್ಳುವಾಗಲೋ, ತೊಳೆಯುವಾಗಲೋ?"

"ಸ್ವಿಚ್ ಹಾಕಿ ವಾಕಿಂಗ್‌ಗೆ ಹೋಗ್ತೀನಪ್ಪ. ಬರೋಷ್ಟರಲ್ಲಿ ನೆಲ ಒದ್ದೆ."

ಪ್ಲಗ್ ಕೀಳುತ್ತೇನೆ. ಒದ್ದೆ ನೆಲ, 230 ವೋಲ್ಟ್; ಇದೊಂದರಲ್ಲಿ ಉದಾಸೀನ ಕೂಡದು. ಹಳೇ ಬಿಳಿ ಪಂಚೆಯ ತುಂಡೊಂದನ್ನು ನೀರಿನ ಮೇಲೆ ಹಾಸುತ್ತೇನೆ. ಹೆಬ್ಬೆರಳಿಗೂ ತೋರುಬೆರಳಿಗೂ ನೀರು ಹಚ್ಚಿ ಉಜ್ಜಿದರೆ ನುಣ್ಣಗೆ ಜಾರುತ್ತದೆ. ಪಂಚೆಯ ಮೇಲೆ ತೆಳುವಾದ ಹಳದಿ. ಅಂಚಿಗೆ ಬರುವ ಹೊತ್ತಿಗೆ ಅದೇ ಹಳದಿ ಕೆಂಪಗಾಗಿದೆ.

ಅಕ್ಕ ಬಗ್ಗಿ ನೋಡುತ್ತಾಳೆ. "ಓಕುಳಿ ನೀರಿನ ಬಣ್ಣ ಕಣೋ ಇದು!"

ಸರಿಯಾಗಿ ಹೇಳಿದಳು. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿದಾಗ ಕೆಂಪು ಬರುವುದು ಸುಣ್ಣ ಕ್ಷಾರವಾದ್ದರಿಂದ. ಡಿಶ್‌ವಾಷರ್‌ಗೆ ಹಾಕುವ ಪುಡಿಯೂ ಕ್ಷಾರವೇ. ಅಂದರೆ ಈ ನೀರು ನಲ್ಲಿಯಿಂದ ನೇರ ಬಂದದ್ದಲ್ಲ. ನಿನ್ನೆಯ ಹುಳಿಯ ಪಾತ್ರೆ ತೊಳೆದು, ಪುಡಿ ಸೇರಿಸಿಕೊಂಡು ಬಂದದ್ದು. ಹಾಗಾದರೆ ನಲ್ಲಿ, ನಲ್ಲಿಯಿಂದ ಬರುವ ಪೈಪು, ನೀರು ಒಳಬಿಡುವ ವಾಲ್ವ್, ಇಷ್ಟನ್ನೂ ಬಿಚ್ಚದೆಯೇ ಬಿಟ್ಟುಬಿಡಬಹುದು.

ಇನ್ನೊಂದು ಸಾಕ್ಷಿ ಮಷೀನೇ ಕೊಡುತ್ತಿದೆ. ಅದರ ತಳದಲ್ಲೊಂದು ತಟ್ಟೆ, ತಟ್ಟೆಯಲ್ಲೊಂದು ಥರ್ಮಾಕೋಲಿನ ತೇಲು, ಅದರ ಮೇಲೆ ಸಣ್ಣ ಸ್ವಿಚ್. ಪಂಪಿನ ಬುಡದಲ್ಲೋ ಒಳಗಿನ ಯಾವುದಾದರೂ ಬೆಸುಗೆಯಲ್ಲೋ ನೀರು ಜಿನುಗಿದರೆ ಆ ತಟ್ಟೆಗೆ ಬೀಳುತ್ತದೆ, ತೇಲು ಮೇಲೇಳುತ್ತದೆ, ಮಷೀನು ಕೆಲಸ ನಿಲ್ಲಿಸಿ ಸೂಚನೆ ಕೊಡುತ್ತದೆ. ಇಲ್ಲಿ ಅದು ಒಮ್ಮೆಯೂ ನಿಂತಿಲ್ಲ. ಕೆಳಗಿನ ಪಟ್ಟಿ ಬಿಚ್ಚಿ ಟಾರ್ಚ್ ಬಿಟ್ಟು ನೋಡುತ್ತೇನೆ: ತಟ್ಟೆಯಲ್ಲಿ ಧೂಳು ಕೂಡ ಒಣಗಿಯೇ ಇದೆ. ಒಳಗಿನ ಸಂಗತಿಯಲ್ಲ ಇದು. ಉಳಿದದ್ದು ಬಾಗಿಲು, ಇಲ್ಲವೇ ನೀರು ಹೊರಹೋಗುವ ಪೈಪು.

ಬಾಗಿಲಿನ ರಬ್ಬರು ಮೇಲೆ ಮತ್ತು ಎರಡೂ ಪಕ್ಕದಲ್ಲಿ ಒಂದೇ ಪಟ್ಟಿಯಾಗಿ ಕೂತಿರುತ್ತದೆ, ಕೆಳಗಿನದು ಬೇರೆ. ಬೆರಳು ಒತ್ತಿ ನೋಡುತ್ತ ಇಳಿಯುತ್ತೇನೆ. ಮೆತ್ತಗಿದೆ, ಬಿರುಕಿಲ್ಲ, ಬೋರ್‌ವೆಲ್ ನೀರಿನ ಬಿಳಿ ಸುಣ್ಣವೂ ಗಟ್ಟಿಯಾಗಿಲ್ಲ. ಕೆಳಗಿನ ಮೂಲೆಯಲ್ಲಿ ಮಾತ್ರ ಎಣ್ಣೆಜಿಡ್ಡು ಕಟ್ಟಿದೆ, ಅದರೊಳಗೆ ಒಗ್ಗರಣೆಯ ಸಾಸಿವೆ ಕಾಳೊಂದು ಹೂತು ಕೂತಿದೆ. ಇಂಥ ಜಿಡ್ಡಿನ ಸಂದಿನಿಂದಲೂ ನೀರು ಒಸರಬಹುದು, ಆದ್ದರಿಂದ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ತೆಗೆಯುತ್ತೇನೆ. ಮೇಲೆ ರಸಮಟ್ಟ ಇಟ್ಟರೆ ಗುಳ್ಳೆ ನಡುವಿನಲ್ಲೇ ನಿಲ್ಲುತ್ತದೆ. ಮಷೀನು ಮುಂದಕ್ಕೆ ವಾಲಿಲ್ಲ. ಕೈಯಲ್ಲಿ ಪಾತ್ರೆ ತೊಳೆಯುವ ಸೋಪಿನ ದ್ರವವನ್ನು ಅಕ್ಕ ಇದಕ್ಕೆ ಹಾಕುವವಳಲ್ಲ. ಹಾಕಿದ್ದರೆ ನೊರೆ ಉಕ್ಕಿ ಬಾಗಿಲಿನಿಂದ ಬಂದೇ ಬರುತ್ತಿತ್ತು.

ಇನ್ನು ಕಾದು ನೋಡುವುದು. ನೆಲ ಒರೆಸಿ ಒಣಗಿಸಿ, ಮುಂದೆ, ಪಕ್ಕದಲ್ಲಿ, ಕೋಲಿನಿಂದ ತಳ್ಳಿ ಅಡಿಯಲ್ಲೂ ಹಳೆಯ ಪತ್ರಿಕೆಯ ಹಾಳೆಗಳನ್ನು ಹಾಸುತ್ತೇವೆ. ಒಂದೇ ಒಂದು ಹನಿ ಬಿದ್ದರೂ ಪತ್ರಿಕೆ ಕಪ್ಪಾಗಿ ತೋರಿಸುತ್ತದೆ, ಹೆಂಚಿನ ನೆಲ ತೋರಿಸುವುದಿಲ್ಲ. ಪ್ಲಗ್ ಮತ್ತೆ ಹಾಕಿ, ಬಿಸಿ ಮಾಡದೆ ಬರೀ ಜಾಲಿಸುವ ಸಣ್ಣ ಕಾರ್ಯಕ್ರಮವನ್ನು ಆರಿಸುತ್ತೇನೆ. ತುಂಬುವುದು, ಎರಚುವುದು, ಹೊರಹಾಕುವುದು ಮೂರೂ ಕಾಲು ಗಂಟೆಯೊಳಗೆ ಆಗಿಹೋಗುತ್ತವೆ.

ಮೊದಲು ಗೊರಗೊರ, ತಳದಲ್ಲಿ ಉಳಿದ ಹಳೇ ನೀರನ್ನು ಎಳೆದು ಹಾಕುತ್ತಿದೆ. ಆಮೇಲೆ ನೀರು ಒಳಬರುವ ಸುಯ್ಯೆಂಬ ಸದ್ದು. ಹಾಳೆಗಳು ಒಣಗೇ ಇವೆ. ಸುಯ್ ನಿಂತು, ಗುಂಯ್ ಎಂದು ಪಂಪು ತಿರುಗಿ, ಒಳಗೆ ತಟ್ಟೆಗಳ ಮೇಲೆ ನೀರು ಅಪ್ಪಳಿಸತೊಡಗುತ್ತದೆ.

"ಇಷ್ಟೊಂದು ನೀರು ತುಂಬಿದ್ರೆ ಬಾಗಿಲಿಂದ ಬರದೆ ಇರುತ್ತಾ?" ಅಕ್ಕನಿಗೆ ಅನುಮಾನ.

ತುಂಬುವುದೇ ಇಲ್ಲ. ತಳದಲ್ಲಿ ನಿಲ್ಲುವುದು ಮೂರು ನಾಲ್ಕು ಲೀಟರ್ ಅಷ್ಟೆ, ಬಾಗಿಲಿನ ಹೊಸ್ತಿಲಿಗೂ ಮುಟ್ಟದಷ್ಟು. ಅದನ್ನೇ ಮತ್ತೆ ಮತ್ತೆ ಎತ್ತಿ ತಿರುಗುವ ಕೈಗಳಿಂದ ಎರಚುತ್ತದೆ. ಉಜ್ಜದೆ, ನೀರಿನ ರಭಸದಿಂದಲೇ ತೊಳೆಯಬಹುದು ಎಂಬುದನ್ನು ಯಂತ್ರವಾಗಿ ಮಾಡಿ ತೋರಿಸಿದವಳು ಅಮೆರಿಕದ ಇಲಿನಾಯ್‌ನ ಜೋಸೆಫೀನ್ ಕಾಕ್ರೇನ್. 1886ರಲ್ಲಿ ಪೇಟೆಂಟ್ ಪಡೆದಳು, 1893ರ ಶಿಕಾಗೊ ವಸ್ತುಪ್ರದರ್ಶನದಲ್ಲಿ ಅವಳ ಯಂತ್ರ ಜನರೆದುರು ನಿಂತಿತು. ಅದನ್ನು ಮೊದಲು ಕೊಂಡವರಲ್ಲಿ ಹೋಟೆಲುಗಳವರೇ ಹೆಚ್ಚು. ಮನೆಯ ಹೆಂಗಸರ ಕೈಗೆ ಬರಲು ಎಷ್ಟೋ ದಶಕ ಹಿಡಿಯಿತು. ಅಕ್ಕನ ಕೈ ನೋಡಿದಾಗ ಆ ತಡ ನನಗೆ ಅನ್ಯಾಯವೆಂದೇ ಅನಿಸುತ್ತದೆ.

ಎರಚುವುದು ಮುಗಿಯಿತು. ಬಾಗಿಲ ಕೆಳಗಿನ ಹಾಳೆಯಲ್ಲಿ ಒಂದು ಚುಕ್ಕೆಯೂ ಇಲ್ಲ. ರಬ್ಬರ್ ಮೇಲಿನ ಆಪಾದನೆ ಇಲ್ಲಿಗೆ ಮುಗಿದಂತೆ.

ಕ್ಷಣ ಹೊತ್ತು ಮೌನ. ಮತ್ತೆ ಗೊರಗೊರ ಶುರು. ಈಗ ಹೊರಹೋಗುತ್ತಿರುವುದು ತುಂಬು ನೀರು. ಮಷೀನಿನ ಹಿಂದೆ, ಗೋಡೆಯ ಬುಡದಲ್ಲಿ, ಚಿರ್ ಎಂದು ಸಣ್ಣ ಸದ್ದು. ಅಡಿಗೆ ತಳ್ಳಿದ್ದ ಹಾಳೆ ಹಿಂದಿನ ಅಂಚಿನಿಂದ ಕಪ್ಪಾಗುತ್ತ ಮುಂದಕ್ಕೆ ಬರುತ್ತದೆ.

"ಬಂತು, ಬಂತು! ಹಿಂದಿಂದ ಬರ್ತಿದೆ!"

ಪ್ಲಗ್ ಕಿತ್ತು, ನಲ್ಲಿ ಬಂದ್ ಮಾಡಿ, ಮುಂದಿನ ಕಾಲುಗಳ ಕೆಳಗೆ ಗೋಣಿಚೀಲ ತೂರಿಸಿ ಎಳೆಯುತ್ತೇನೆ. ಐವತ್ತು ಕಿಲೋ ಆಸುಪಾಸಿನ ಭಾರ, ಆದರೂ ಗೋಣಿಯ ಮೇಲೆ ಮೆಲ್ಲಗೆ ಜರುಗುತ್ತದೆ. ಹಿಂದೆ ಸುರುಳಿ ಸುರುಳಿಯ ಬೂದು ಪೈಪು. ಮಷೀನಿನ ಜೊತೆ ಬಂದದ್ದು ಗೋಡೆಯ ಹೊರಕಿಂಡಿಯವರೆಗೆ ಸಾಲದೆ, ಕೂರಿಸುವಾಗಲೇ ಇನ್ನೊಂದು ತುಂಡು ಜೋಡಿಸಿದ್ದಾರೆ. ಆ ಎರಡನೆಯ ತುಂಡಿನಲ್ಲಿ, ನೆಲದಿಂದ ಗೇಣೆತ್ತರಕ್ಕೆ, ಹುಣಸೆ ಬೀಜದಷ್ಟು ತೂತು. ಅಂಚು ಸವೆದದ್ದಲ್ಲ, ಸೀಳಿದ್ದಲ್ಲ. ಜೋಡಿ ಜೋಡಿಯಾಗಿ ಸಣ್ಣ ಗೀರುಗಳು ಸುತ್ತಲೂ ಒತ್ತೊತ್ತಾಗಿವೆ. ಕೆಳಗೆ ಪ್ಲಾಸ್ಟಿಕ್ಕಿನ ಹುಡಿ, ಪಕ್ಕದಲ್ಲಿ ನಾಲ್ಕಾರು ಕಪ್ಪು ಹಿಕ್ಕೆ.

"ಇಲಿ!"

ಇಲಿಯ ಬಾಚಿಹಲ್ಲು ಬದುಕಿರುವಷ್ಟೂ ಕಾಲ ಬೆಳೆಯುತ್ತಲೇ ಇರುತ್ತದೆ. ಕಡಿಯದೆ ಅದಕ್ಕೆ ಗತಿಯಿಲ್ಲ. ಈ ಪೈಪಿಗೆ ಅನ್ನ, ಎಣ್ಣೆ, ಬೇಳೆಯ ವಾಸನೆ ಬೇರೆ. ಉಳಿದ ಹೊತ್ತಿನಲ್ಲಿ ಪೈಪು ಖಾಲಿ, ಆದ್ದರಿಂದ ಸೋರುವುದಿಲ್ಲ. ಹೊರಹಾಕುವಾಗಲೂ ಬಹುಪಾಲು ನೀರು ದಾಟಿಹೋಗುತ್ತದೆ, ಸ್ವಲ್ಪ ಮಾತ್ರ ತೂತಿನಿಂದ ಚಿಮ್ಮುತ್ತದೆ. ಒಳಗೆ ನೀರು ನಿಲ್ಲದ ಕಾರಣ ಮಷೀನಿಗೆ ಏನೂ ತಿಳಿಯುವುದಿಲ್ಲ. ರಬ್ಬರ್ ಬದಲಾಯಿಸಿದ್ದರೆ ದುಡ್ಡೂ ಹೋಗುತ್ತಿತ್ತು, ನೀರೂ ಬರುತ್ತಿತ್ತು.

ಟೇಪು ಸುತ್ತುವುದು, ಎಂ-ಸೀಲ್ ಮೆತ್ತುವುದು ಬೇಡ. ಈ ಪೈಪು ಬಾಗುತ್ತದೆ, ಒಳಗೆ ಬಿಸಿನೀರು, ಮೇಲೆ ಜಿಡ್ಡು, ಮೆತ್ತಿದ್ದು ನಿಲ್ಲುವುದಿಲ್ಲ. ಜೋಡಣೆಯ ಕ್ಲಾಂಪ್ ಸಡಿಲಿಸಿ, ಕೆಳಗೆ ಮಗ್ ಹಿಡಿದು, ಕಡಿದ ತುಂಡನ್ನು ಬಿಚ್ಚಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗುತ್ತೇನೆ. ಹಳೆಯದನ್ನೇ ಕೌಂಟರ್ ಮೇಲಿಟ್ಟರೆ ಬಾಯಿಯ ಅಳತೆ ತಪ್ಪುವುದಿಲ್ಲ. ಅಷ್ಟೇ ಉದ್ದದ ಹೊಸ ಪೈಪು, ತಿರುಪಿನ ಸ್ಟೀಲ್ ಕ್ಲಾಂಪ್ ಎರಡು, ಕಬ್ಬಿಣದ ಸಣ್ಣ ಕಣ್ಣಿನ ಜಾಲರಿ, ಒಂದು ಕಿಲೋ ಸಿಮೆಂಟು.

ಹೊಸ ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗಾಗಿಸಿ ಜೋಡಣೆಯ ಮೇಲೆ ಒತ್ತಿದರೆ ಸಲೀಸಾಗಿ ಏರುತ್ತದೆ. ಕ್ಲಾಂಪನ್ನು ಪೈಪು ಅಲುಗದಷ್ಟು ಬಿಗಿಯುತ್ತೇನೆ, ಕಚ್ಚುವಷ್ಟಲ್ಲ. ನೆಲದ ಮೇಲೆ ಬಿಡದೆ, ಗೋಡೆಗೆ ಕೊಕ್ಕೆ ಹೊಡೆದು ಒಂದೂವರೆ ಅಡಿಗಿಂತ ಮೇಲಕ್ಕೆ ಎತ್ತಿ ಇಳಿಬಿಡುತ್ತೇನೆ. ಎತ್ತರ ಇಲ್ಲದಿದ್ದರೆ ಕೊಳೆನೀರು ವಾಪಸು ಬರಬಹುದು, ಇಲ್ಲವೇ ತುಂಬಿದ ಒಳ್ಳೆಯ ನೀರು ತಾನೇ ಸೋರಿಹೋಗಬಹುದು.

ನಲ್ಲಿ ತೆರೆದು, ಪ್ಲಗ್ ಹಾಕಿ, ಜೋಡಣೆಗೆ ಒಣ ಪೇಪರು ಸುತ್ತಿ, ಇನ್ನೊಮ್ಮೆ ಜಾಲಿಸಲು ಬಿಡುತ್ತೇವೆ. ಗೊರಗೊರ ಬಂದು ಹೋಗುತ್ತದೆ. ಅಕ್ಕ ಪೇಪರನ್ನು ತಾನೇ ಬಿಚ್ಚಿ ಕೆನ್ನೆಗೆ ಒತ್ತಿ ನೋಡುತ್ತಾಳೆ. "ಒಣಗಿದೆ ಕಣೋ!"

ಗೋಡೆಯ ಕಿಂಡಿಯಲ್ಲಿ ಪೈಪಿನ ಸುತ್ತ ಮೂರು ಬೆರಳು ತೂರುವಷ್ಟು ಸಂದು. ಇಲಿಗೆ ಅದು ಹೆಬ್ಬಾಗಿಲು. ಜಾಲರಿಯನ್ನು ಪೈಪಿನ ಸುತ್ತ ಬಗ್ಗಿಸಿ ತುರುಕಿ ಸಿಮೆಂಟು ಮೆತ್ತುತ್ತೇನೆ.

"ನಾಳೆವರೆಗೆ ಮಷೀನನ್ನ ಗೋಡೆಗೆ ತಳ್ಳಬೇಡ ಅಕ್ಕ, ಸಿಮೆಂಟು ಹಸಿ ಇದೆ."

"ತಳ್ಳಲ್ಲ. ಇಲ್ಲೇ ಇರಲಿ, ರಾತ್ರಿ ಪಾತ್ರೆ ಹಾಕಬಹುದು ತಾನೆ?"

"ಧಾರಾಳವಾಗಿ ಹಾಕು."

ಆಗಲೇ ಅವಳು ಕೆಳಗಿನ ಬುಟ್ಟಿಯನ್ನು ಎಳೆದು ಹುಳಿಯ ಪಾತ್ರೆ ಬೋರಲು ಹಾಕುತ್ತಿದ್ದಾಳೆ.