ಜಿರಾಫೆಗಳ ಅಂಗಳದಲ್ಲಿ ಮೂರು ರಾತ್ರಿ

ನಮ್ಮ ಹಿರಿಯರಿಗೆ ಪ್ರವಾಸವೆಂದರೆ ಯಾತ್ರೆಯೇ ಆಗಿತ್ತು. ಶ್ರೀಶೈಲಕ್ಕೋ ಕೂಡಲಸಂಗಮಕ್ಕೋ ಹೊರಟವರು ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಹೊತ್ತು ಮುಳುಗಿದ ಊರಿನಲ್ಲಿ ಮಠದ ಬಾಗಿಲು ತೆರೆದಿರುತ್ತಿತ್ತು. ಜ್ವರ ಬಂದರೆ ನಾಲ್ಕು ದಿನ ಹೆಚ್ಚಿಗೆ ತಂಗಿದರಾಯಿತು. ಹೊರಡುವುದು ತಡವಾದರೆ ಯಾರಿಗೂ ನಷ್ಟವಿರಲಿಲ್ಲ. ಇಂದು ನಮ್ಮ ಸಮಾಜದ ಅನೇಕ ಕುಟುಂಬಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿಗೆ ಹೋಗುವ ತಂದೆತಾಯಿಗಳನ್ನು ಮಕ್ಕಳು ಪ್ರೀತಿಯಿಂದ ಊರೂರು ಸುತ್ತಿಸುತ್ತಾರೆ. ಆ ಸುತ್ತಾಟದಲ್ಲಿ ಫ್ಲಾರಿಡಾ ರಾಜ್ಯದ ಒರ್ಲಾಂಡೋ ನಗರವು ತಪ್ಪದೆ ಬರುತ್ತದೆ. ಅಲ್ಲಿ ತಂಗುವ ವಸತಿಯನ್ನು ಯಾವ ರೀತಿಯಲ್ಲಿ ಗೊತ್ತುಮಾಡಿಕೊಳ್ಳಬೇಕೆಂಬುದು ಮೇಲ್ನೋಟಕ್ಕೆ ಬರಿಯ ಹಣದ ಲೆಕ್ಕದಂತೆ ಕಾಣುತ್ತದೆ. ಹಾಗಲ್ಲವೆಂಬುದನ್ನು ನಾವು 2023 ರಲ್ಲಿ ಕಲಿತೆವು. ಆ ಪಾಠವು ಇತರ ಕುಟುಂಬಗಳಿಗೂ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇವೆ.

ಆ ವರ್ಷ ನಾವು ದಂಪತಿಗಳು ಅಟ್ಲಾಂಟಾದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ದಾವಣಗೆರೆಯಿಂದ ನಮ್ಮ ಬೀಗಿತ್ತಿಯವರೂ ಬಂದಿದ್ದರು. ಅವರಿಗೆ ಎಪ್ಪತ್ತು ದಾಟಿದೆ, ಬಹುಕಾಲದಿಂದ ಮಧುಮೇಹವಿದೆ. ಅಳಿಯಂದಿರು, ಮಗಳು, ಎಂಟು ವರ್ಷದ ಮೊಮ್ಮಗ, ಹಿರಿಯರಾದ ನಾವು ಮೂವರು, ಒಟ್ಟು ಆರು ಜನ. ಸೆಪ್ಟೆಂಬರ್ ಕೊನೆಯಲ್ಲಿ ಒರ್ಲಾಂಡೋಕ್ಕೆ ಹೋಗಿ ನಾಲ್ಕು ರಾತ್ರಿ ತಂಗುವುದೆಂದು ನಿಶ್ಚಯವಾಯಿತು. ಕೊಠಡಿಯ ಕಿಟಕಿಯಿಂದಲೇ ಆಫ್ರಿಕದ ಪ್ರಾಣಿಗಳು ಕಾಣುವ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬಲ್ಲಿಯೇ ಇಳಿಯಬೇಕೆಂಬುದು ಮೊಮ್ಮಗನ ಹಟ.

ಈ ವಸತಿಗೆ ಎರಡು ದಾರಿಗಳಿವೆ. ಸಾಮಾನ್ಯ ಹೋಟೆಲಿನಂತೆ ನೇರವಾಗಿ ಕೊಠಡಿ ಕಾದಿರಿಸುವುದು ಒಂದು. ಇನ್ನೊಂದು ದಾರಿಯನ್ನು ಅರಿಯಲು ಟೈಮ್‌ಶೇರ್ ಎಂಬ ಪದ್ಧತಿಯನ್ನು ಅರಿಯಬೇಕು. ನಮ್ಮ ಹಳ್ಳಿಗಳಲ್ಲಿ ಕೆರೆಯ ನೀರನ್ನು ಸರದಿಯಂತೆ ಹೊಲಗಳಿಗೆ ಬಿಟ್ಟುಕೊಳ್ಳುತ್ತಾರಲ್ಲವೇ? ಕೆರೆ ಯಾರೊಬ್ಬರದೂ ಅಲ್ಲ. ಸರದಿ ಮಾತ್ರ ನಮ್ಮದು. ಟೈಮ್‌ಶೇರ್ ಎಂಬುದೂ ಹಾಗೆಯೇ. ವಿಹಾರಧಾಮದಲ್ಲಿ ವರ್ಷಕ್ಕೆ ಇಷ್ಟು ದಿನ ತಂಗುವ ಹಕ್ಕನ್ನು ಮುಂಗಡವಾಗಿ ಕೊಂಡು, ಪ್ರತಿ ವರ್ಷ ನಿರ್ವಹಣೆಯ ಶುಲ್ಕವನ್ನೂ ತೆರುವುದು. ಯುರೋಪಿನಲ್ಲಿ 1960 ರ ದಶಕದಲ್ಲಿ ಈ ಪದ್ಧತಿ ಬೇರೂರಿತು. ಸ್ವಿಟ್ಜರ್ಲೆಂಡಿನ ಹಾಪಿಮಾಗ್ ಸಂಸ್ಥೆ 1963 ರಲ್ಲಿ ಆರಂಭವಾಯಿತು. ನಮ್ಮ ಮಡಿಕೇರಿಯಲ್ಲಿಯೂ ಸದಸ್ಯತ್ವದ ಮೇಲೆ ನಡೆಯುವ ಇಂಥ ವಿಹಾರಧಾಮವಿರುವುದನ್ನು ಓದುಗರು ಬಲ್ಲರು.

ಒರ್ಲಾಂಡೋದ ವಾಲ್ಟ್ ಡಿಸ್ನಿ ವರ್ಲ್ಡ್ 1971 ರ ಅಕ್ಟೋಬರ್ 1 ರಂದು ತೆರೆಯಿತು. ಅಲ್ಲಿ 1991 ರಲ್ಲಿ ಡಿಸ್ನಿ ವೆಕೇಶನ್ ಕ್ಲಬ್ ಎಂಬ ಹೆಸರಿನ ಟೈಮ್‌ಶೇರ್ ವ್ಯವಸ್ಥೆ ಬಂದಿತು. ಇಲ್ಲಿ ವಾರಗಳ ಬದಲು ಪಾಯಿಂಟುಗಳ ಲೆಕ್ಕ. ಸದಸ್ಯನಿಗೆ ಪ್ರತಿ ವರ್ಷ ಇಂತಿಷ್ಟು ಪಾಯಿಂಟುಗಳು ಜಮೆಯಾಗುತ್ತವೆ. ಯಾವ ಕೊಠಡಿಗೆ, ಯಾವ ಋತುವಿನಲ್ಲಿ, ಯಾವ ವಾರದಂದು ಎಷ್ಟು ಪಾಯಿಂಟುಗಳೆಂಬ ಪಟ್ಟಿಯಿದೆ. ಈ ವರ್ಷದ್ದನ್ನು ಮುಂದಿನ ವರ್ಷಕ್ಕೆ ಉಳಿಸಬಹುದು. ಮುಂದಿನ ವರ್ಷದ್ದನ್ನು ಈಗಲೇ ಎರವಲು ಪಡೆಯಬಹುದು. ತನ್ನ ಮೂಲ ವಿಹಾರಧಾಮದಲ್ಲಿ ಹನ್ನೊಂದು ತಿಂಗಳು ಮುಂಚಿತವಾಗಿ, ಉಳಿದೆಡೆ ಏಳು ತಿಂಗಳು ಮುಂಚಿತವಾಗಿ ಸ್ಥಳ ಕಾದಿರಿಸಬಹುದು. ಆದರೆ ಈ ಹಕ್ಕು ಶಾಶ್ವತವಲ್ಲ. ಅನಿಮಲ್ ಕಿಂಗ್‌ಡಮ್ ಲಾಡ್ಜಿನ ವಿಲ್ಲಾಗಳ ಕರಾರು 2057 ರಲ್ಲಿ ಮುಗಿಯುತ್ತದೆ.

ಯಾವುದೋ ವರ್ಷ ಪ್ರವಾಸ ಹೋಗಲಾಗದ ಸದಸ್ಯರು ತಮ್ಮ ಪಾಯಿಂಟುಗಳನ್ನು ಇತರರಿಗೆ ಬಾಡಿಗೆಗೆ ಕೊಡುವುದುಂಟು. ಅದನ್ನೇ ವ್ಯಾಪಾರ ಮಾಡಿಕೊಳ್ಳುವುದಕ್ಕೆ ಮಾತ್ರ ನಿಯಮಗಳು ಅವಕಾಶ ಕೊಡುವುದಿಲ್ಲ. ಬಾಡಿಗೆಗೆ ಪಡೆಯುವುದೆಂದರೆ ನೆರೆಹೊಲದವನ ನೀರಿನ ಸರದಿಯನ್ನು ಹಣ ಕೊಟ್ಟು ನಮ್ಮ ಹೊಲಕ್ಕೆ ತಿರುಗಿಸಿಕೊಂಡಂತೆ. ಅಳಿಯಂದಿರು ಪರಿಚಯಸ್ಥರ ಮೂಲಕ ನಿವೃತ್ತ ಉಪಾಧ್ಯಾಯಿನಿಯೊಬ್ಬರಿಂದ 180 ಪಾಯಿಂಟುಗಳನ್ನು ಪಾಯಿಂಟಿಗೆ 20 ಡಾಲರಿನಂತೆ ಪಡೆದರು. ಒಟ್ಟು 3,600 ಡಾಲರು. ಎರಡು ಮಲಗುವ ಕೋಣೆ, ಅಡುಗೆಮನೆ, ಮೂರು ಸ್ನಾನಗೃಹ, ಬಟ್ಟೆ ಒಗೆಯುವ ಯಂತ್ರವಿರುವ ಮನೆ. ಅದೇ ಮನೆಯನ್ನು ನೇರವಾಗಿ ಕಾದಿರಿಸಿದ್ದರೆ ಖರ್ಚು ಒಂದೂವರೆ ಪಟ್ಟನ್ನು ಮೀರುತ್ತಿತ್ತು. ಅದರ ಮೇಲೆ ಆರೆಂಜ್ ಕೌಂಟಿಯಲ್ಲಿ ಕೊಠಡಿ ಬಾಡಿಗೆಗೆ ನೂರಕ್ಕೆ 12.5 ರಂತೆ ತೆರಿಗೆ ಬೇರೆ. ಉಳಿತಾಯ ಕಂಡು ಎಲ್ಲರಿಗೂ ಸಂತೋಷವಾಯಿತು. ಕರಾರಿನಲ್ಲಿ ಒಂದು ಸಾಲಿತ್ತು: ಯಾವ ಕಾರಣಕ್ಕೂ ಹಣ ಹಿಂದಿರುಗುವುದಿಲ್ಲ. ಅಳಿಯಂದಿರು ಊಟದ ಹೊತ್ತಿನಲ್ಲಿ ಅದನ್ನು ಎಲ್ಲರಿಗೂ ಓದಿ ಹೇಳಿದರು. ನಾವೆಲ್ಲರೂ ತಲೆದೂಗಿದೆವು. ಬೀಗಿತ್ತಿಯವರೂ ಕೇಳಿಸಿಕೊಂಡರು. ಆ ಸಾಲು ಅವರ ಮನಸ್ಸಿನಲ್ಲಿ ಏನು ಮಾಡಿತೆಂಬುದು ನಮಗೆ ಆಗ ತಿಳಿಯಲಿಲ್ಲ.

ಪ್ರವಾಸಕ್ಕೆಂದು ಅವರಿಗೆ ಹೊಸ ಬೂಟು ಕೊಡಿಸಿದ್ದರು. ಹೊರಡುವ ಹಿಂದಿನ ಸಂಜೆ ನಮ್ಮ ಮಗಳು ಒಗೆಯುವ ಬಟ್ಟೆಗಳನ್ನು ಬೇರ್ಪಡಿಸುತ್ತಿದ್ದಾಗ ಅತ್ತೆಯ ಕಾಲುಚೀಲದಲ್ಲಿ ಕೀವಿನ ಕಲೆ ಕಂಡಳು. ಬೂಟು ಹಿಮ್ಮಡಿಯನ್ನು ಉಜ್ಜಿ ಹುಣ್ಣಾಗಿ ಆರು ದಿನಗಳಾಗಿದ್ದವು. ಮಧುಮೇಹವಿದ್ದವರ ಕಾಲಿನ ಹುಣ್ಣು ಎಂಥ ಅಪಾಯವೆಂಬುದನ್ನು ಹೇಳಬೇಕಾಗಿಲ್ಲ. ಸ್ಪರ್ಶಜ್ಞಾನ ಕುಂದಿರುವುದರಿಂದ ನೋವು ತಿಳಿಯದು, ಗಾಯ ಬೇಗ ಮಾಯದು, ನಂಜೇರಿದರೆ ಕಾಲನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಅವರಿಗೆ ನೋವು ಕಡಿಮೆಯಿದ್ದರೂ ಹುಣ್ಣು ಕಂಡಿತ್ತು. ಕಂಡೂ ಮುಚ್ಚಿಟ್ಟಿದ್ದರು. ಆಸ್ಪತ್ರೆಗೆ ಹೊರಡುವಾಗ ನಮ್ಮ ಕಡೆ ತಿರುಗಿ, ‘ನಾ ಹೇಳಿದ್ರ ಎಲ್ಲಾರ ದುಡ್ಡೂ ಹೋಗತಿತ್ತಲ್ರೀ ಬೀಗ್ರೇ, ನಾಲ್ಕು ದಿನ ತಡಕೊಂಡ್ರಾತು ಅಂದಕೊಂಡೆ’ ಎಂದರು.

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಉಳಿಸಿದೆವೆಂದುಕೊಂಡಿದ್ದ ಹಣದ ಹೊರೆಯನ್ನು ಆರು ದಿನ ಆ ವೃದ್ಧೆಯೊಬ್ಬರೇ ಹಿಮ್ಮಡಿಯಲ್ಲಿ ಹೊತ್ತಿದ್ದರು. ಮಠದ ಪ್ರಸಾದನಿಲಯದಲ್ಲಿ ಬೆಳೆದ ನಾವು ದಾಸೋಹದ ಬಗ್ಗೆ ಎಷ್ಟೋ ಭಾಷಣಗಳನ್ನು ಮಾಡಿದ್ದೇವೆ. ಬಂದವರು ಸಂಕೋಚಪಡದಂತೆ ನೋಡಿಕೊಳ್ಳುವುದೇ ದಾಸೋಹದ ಮೊದಲ ಮೆಟ್ಟಿಲೆಂದು ಹೇಳಿದ್ದೇವೆ. ನಮ್ಮ ಮನೆಯ ಊಟದ ಮೇಜಿನ ಬಳಿಯಲ್ಲಿಯೇ ಅದನ್ನು ಮರೆತಿದ್ದೆವು.

ಎರಡು ದಿನ ಆಸ್ಪತ್ರೆ, ಆನಂತರ ಆರು ವಾರ ವಿಶ್ರಾಂತಿ. ಕಾಲು ಉಳಿಯಿತು, ಅದು ಶಿವಕೃಪೆ. ಹಣದ ಆಸೆಯನ್ನು ಬಿಟ್ಟಿದ್ದೆವು. ಆದರೆ ಅಳಿಯಂದಿರು ಉಪಾಧ್ಯಾಯಿನಿಗೆ ವಿಷಯ ತಿಳಿಸಿದಾಗ ಆಕೆ ಕೂಡಲೇ ತಾವಾಗಿಯೇ ಒಂದು ಪ್ರಯತ್ನ ಮಾಡಿದರು. ತಂಗುವ ದಿನಕ್ಕೆ ಮೂವತ್ತು ದಿನಗಳೊಳಗೆ ರದ್ದಾದರೆ ಪಾಯಿಂಟುಗಳು ಒಂದು ನಿರ್ಬಂಧಿತ ಖಾತೆಗೆ ಸೇರುತ್ತವೆ. ಅವುಗಳಿಂದ ಮುಂದಿನ ಅರುವತ್ತು ದಿನಗಳೊಳಗಿನ ವಸತಿಯನ್ನು ಮಾತ್ರ ಕಾದಿರಿಸಬಹುದು, ಅದೂ ಕೊಠಡಿ ಖಾಲಿಯಿದ್ದರೆ. ಆಕೆ ಪಟ್ಟು ಹಿಡಿದು ಹುಡುಕಿ ನವೆಂಬರ್ ನಡುವೆ ಅದೇ ಬಗೆಯ ಮನೆಯನ್ನು ಎರಡು ರಾತ್ರಿಗೆ ಗಿಟ್ಟಿಸಿದರು. ಕರಾರಿನ ಪ್ರಕಾರ ಆಕೆ ಇದಾವುದನ್ನೂ ಮಾಡಬೇಕಾಗಿರಲಿಲ್ಲ. ಮೂರನೆಯ ರಾತ್ರಿಗೆ ಅಳಿಯಂದಿರು ಅಲ್ಲಿಯೇ ನೇರವಾಗಿ ಎರಡು ಕೊಠಡಿಗಳನ್ನು ಕಾದಿರಿಸಿದರು. ಹೀಗೆ ಎರಡು ಬಗೆಯ ವಸತಿಗಳೂ ಒಂದೇ ಪ್ರವಾಸದಲ್ಲಿ ನಮ್ಮ ಅನುಭವಕ್ಕೆ ಬಂದವು.

ಅಟ್ಲಾಂಟಾದಿಂದ ಒರ್ಲಾಂಡೋಕ್ಕೆ ಸುಮಾರು 700 ಕಿಲೋಮೀಟರು. ಮೇಕನ್, ವಾಲ್ಡೋಸ್ಟ ಊರುಗಳನ್ನು ದಾಟಿ ದಕ್ಷಿಣಕ್ಕೆ ಸಾಗುವ ಹೆದ್ದಾರಿಯಲ್ಲಿ ಗಂಟೆಗೊಮ್ಮೆ ನಿಲ್ಲಿಸುತ್ತ ನಿಧಾನವಾಗಿ ಹೋದೆವು. ಅನಿಮಲ್ ಕಿಂಗ್‌ಡಮ್ ಲಾಡ್ಜ್ 2001 ರಲ್ಲಿ ತೆರೆಯಿತು. ಅದರ ಶಿಲ್ಪಿ ಪೀಟರ್ ಡೊಮಿನಿಕ್. ಮೂಲ ಕಟ್ಟಡಕ್ಕೆ ಜಾಂಬೊ ಹೌಸ್ ಎಂದು ಹೆಸರು. ಜಾಂಬೊ ಎಂಬುದು ಸ್ವಾಹಿಲಿ ಭಾಷೆಯಲ್ಲಿ ಕುಶಲ ಕೇಳುವ ಮಾತು. ಪಕ್ಕದ ಕಿಡಾನಿ ವಿಲೇಜ್ 2009 ರಲ್ಲಿ ಬಂದದ್ದು. ಕಿಡಾನಿ ಎಂದರೆ ಕಂಠಹಾರ. ಹಾರದಂತೆ ಬಾಗಿ ಹರಡಿರುವ ಆ ಕಟ್ಟಡದ ಮುಂದೆ ಹುಲ್ಲುಗಾವಲು. ಅಲ್ಲಿ ಜಿರಾಫೆ, ಜೀಬ್ರಾ, ಬಗೆಬಗೆಯ ಹುಲ್ಲೆಗಳು ತಮ್ಮ ಪಾಡಿಗೆ ಮೇಯುತ್ತವೆ.

ಮೊದಲ ಎರಡು ರಾತ್ರಿ ಕಿಡಾನಿಯ ಮನೆಯಲ್ಲಿ. ನಮ್ಮಂಥ ಶಾಕಾಹಾರಿ ಕುಟುಂಬಕ್ಕೆ ಅಡುಗೆಮನೆಯಷ್ಟು ದೊಡ್ಡ ಸೌಕರ್ಯ ಇನ್ನೊಂದಿಲ್ಲ. ಮನೆಯಿಂದ ತಂದ ಕಟಕು ರೊಟ್ಟಿ, ಶೇಂಗಾ ಚಟ್ನಿಪುಡಿ, ಅಲ್ಲಿಯೇ ಬೇಯಿಸಿದ ಅನ್ನ ಸಾರು. ಬೀಗಿತ್ತಿಯವರ ಪಥ್ಯಕ್ಕೂ ಔಷಧದ ವೇಳೆಗೂ ಯಾವ ಅಡ್ಡಿಯೂ ಆಗಲಿಲ್ಲ. ಸ್ನಾನಗೃಹಗಳು ಮೂರಿದ್ದುದರಿಂದ ನಸುಕಿನಲ್ಲಿ ಯಾರನ್ನೂ ಕಾಯದೆ ಸ್ನಾನ ಮುಗಿಸಿ ಇಷ್ಟಲಿಂಗ ಪೂಜೆಗೆ ಕುಳಿತೆವು. ವಿಭೂತಿ, ನೀರು, ಮೌನ, ಅಷ್ಟೆ. ಹೊಗೆ ಕಂಡರೆ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳುವುದರಿಂದ ಊದಿನಕಡ್ಡಿಯನ್ನಾಗಲಿ ದೀಪವನ್ನಾಗಲಿ ಹಚ್ಚುವಂತಿಲ್ಲ. ಹೋಗುವವರು ಇದನ್ನು ನೆನಪಿಡಬೇಕು. ಪೂಜೆ ಮುಗಿಸಿ ಮೊಗಸಾಲೆಗೆ ಬಂದರೆ ಮಂಜಿನಲ್ಲಿ ಜಿರಾಫೆಯೊಂದು ಕತ್ತು ಬಾಗಿಸಿ ನಿಂತಿತ್ತು. ಅಲ್ಲಿಯ ಸನಾ ಎಂಬ ಭೋಜನಗೃಹದಲ್ಲಿ ಆಫ್ರಿಕದ ಅಡುಗೆಗೆ ಭಾರತದ ಮಸಾಲೆಯನ್ನು ಬೆರೆಸುತ್ತಾರೆ. ನಾನ್ ರೊಟ್ಟಿಯ ಜೊತೆಗೆ ಬಟ್ಟಲು ಬಟ್ಟಲು ಚಟ್ನಿ ಬರುತ್ತದೆ. ಬೀಗಿತ್ತಿಯವರು ಒಂದೊಂದನ್ನೂ ರುಚಿ ನೋಡಿ, ದಾವಣಗೆರೆಯ ಖಾರಕ್ಕೆ ಇವು ಸಾಟಿಯಲ್ಲವೆಂದು ತೀರ್ಪು ಕೊಟ್ಟರು.

ಪಾಯಿಂಟು ಬಾಡಿಗೆಯ ವಸತಿಯಲ್ಲಿ ದಿನವೂ ಕೊಠಡಿ ಶುಚಿಮಾಡುವ ಸೇವೆ ಇರುವುದಿಲ್ಲ. ಹಾಸಿಗೆಯನ್ನು ನಾವೇ ಸರಿಪಡಿಸಿಕೊಳ್ಳಬೇಕು. ಮುಖ್ಯವಾಗಿ, ಕಾಗದದಲ್ಲಿ ನಮ್ಮ ಹೆಸರಿದ್ದರೂ ಹಿಡಿತ ಸದಸ್ಯರದೇ. ದಿನ ಬದಲಾಯಿಸಲು, ಜೊತೆಗೊಬ್ಬರ ಹೆಸರು ಸೇರಿಸಲು ನಾವು ಹೋಟೆಲಿಗೆ ಹೇಳಿದರೆ ನಡೆಯದು; ಸದಸ್ಯರೇ ಹೇಳಬೇಕು. ಸದಸ್ಯರು ಸಜ್ಜನರಾದರೆ ಎಲ್ಲವೂ ಸುಗಮ. ಇಲ್ಲವಾದರೆ ಕೊಟ್ಟ ಹಣಕ್ಕೆ ಅವರ ಮಾತೇ ಆಧಾರ.

ಮೂರನೆಯ ದಿನ ಜಾಂಬೊ ಹೌಸಿಗೆ ಬಂದೆವು. ಹುಲ್ಲು ಹೊದಿಸಿದಂತಿರುವ ಎತ್ತರದ ಛಾವಣಿಯ ಆ ವಿಶಾಲ ಪಡಸಾಲೆ ನೋಡತಕ್ಕದ್ದು. ಕೊಠಡಿಗಳು ಚಿಕ್ಕವು, ಅಡುಗೆಮನೆಯಿಲ್ಲ. ಬುತ್ತಿಯಲ್ಲಿ ಉಳಿದ ರೊಟ್ಟಿಯೇ ಗತಿ. ಆದರೆ ಕಾದಿರಿಸುವಾಗ ಕೊಡಬೇಕಾದದ್ದು ಒಂದು ರಾತ್ರಿಯ ಠೇವಣಿ ಮಾತ್ರ. ಬರುವ ದಿನಕ್ಕೆ ಐದು ದಿನಗಳಿಗಿಂತ ಮುಂಚೆ ರದ್ದು ಮಾಡಿದರೆ ಅದೂ ಹಿಂದಿರುಗುತ್ತದೆ. ಹೊರಡುವ ವಾರದಲ್ಲಿ ಅಳಿಯಂದಿರು ಈ ಸಂಗತಿಯನ್ನು ತಮ್ಮ ತಾಯಿಗೆ ಎರಡು ಸಲ ಬಿಡಿಸಿ ಹೇಳಿದ್ದರು. ಆಮೇಲೆ ಅವರು ತಾವಾಗಿಯೇ ದಿನವೂ ರಾತ್ರಿ ಕಾಲನ್ನು ಮುಂದೆ ಚಾಚಿ ಸೊಸೆಗೆ ತೋರಿಸುತ್ತಿದ್ದರು.

ಸಂಜೆ ಕಟ್ಟಡದ ಹಿಂದಿನ ಕಟ್ಟೆಯ ಬಳಿ ಗಾಲಿಕುರ್ಚಿಯಲ್ಲಿ ಕುಳಿತು ಅವರು ಬಹಳ ಹೊತ್ತು ನೋಡಿದ್ದು ಜಿರಾಫೆಯನ್ನಲ್ಲ, ಅಂಕೋಲೆ ಎಂಬ ಆಫ್ರಿಕದ ದನಗಳನ್ನು. ಅವುಗಳ ಕೊಂಬುಗಳು ಮಾರುದ್ದ, ಬುಡದಲ್ಲಿ ತೊಡೆಯಷ್ಟು ದಪ್ಪ. ‘ಇವನ್ನ ನೊಗಕ್ಕ ಹೆಂಗ ಕಟ್ತಾರ್ರೀ?’ ಎಂದು ಕೇಳಿದರು. ನಮ್ಮ ಹಳ್ಳಿಕಾರ್ ತಳಿಯ ಎತ್ತುಗಳನ್ನು ಕಂಡು ಬೆಳೆದ ಕಣ್ಣುಗಳಿಗೆ ಆ ಪ್ರಶ್ನೆ ಸಹಜವೇ ಆಗಿತ್ತು.

ಹಾಗಾದರೆ ಯಾವುದು ಲೇಸು? ಗಟ್ಟಿಮುಟ್ಟಾದ ಪ್ರಾಯದವರು, ರಜೆಯ ದಿನಗಳು ನಿಶ್ಚಿತವಾಗಿರುವವರು, ಅಡುಗೆಮನೆ ಬೇಕೆನ್ನುವ ದೊಡ್ಡ ಕುಟುಂಬದವರು ಪಾಯಿಂಟುಗಳನ್ನು ಬಾಡಿಗೆಗೆ ಪಡೆಯುವುದರಲ್ಲಿ ತಪ್ಪಿಲ್ಲ, ಉಳಿತಾಯ ನಿಜವಾದದ್ದೇ. ಆದರೆ ಸದಸ್ಯರನ್ನು ಚೆನ್ನಾಗಿ ವಿಚಾರಿಸಿ, ಕರಾರನ್ನು ಬರವಣಿಗೆಯಲ್ಲಿ ಪಡೆಯಬೇಕು. ಪ್ರವಾಸ ವಿಮೆ ಮಾಡಿಸುವವರು, ಮೊದಲಿನಿಂದ ಇರುವ ಕಾಯಿಲೆಗೆ ಅದು ಅನ್ವಯಿಸುವುದೋ ಇಲ್ಲವೋ ಎಂಬುದನ್ನು ಓದಿ ನೋಡಬೇಕು. ಜೊತೆಯಲ್ಲಿ ವೃದ್ಧರು, ರೋಗಿಗಳು, ಗರ್ಭಿಣಿಯರು ಇದ್ದರೆ ಹೆಚ್ಚು ಹಣವಾದರೂ ನೇರವಾಗಿ ಕಾದಿರಿಸುವುದೇ ಲೇಸು. ಆ ಹೆಚ್ಚಿನ ಹಣದಿಂದ ಕೊಠಡಿಯ ಜೊತೆಗೆ, ‘ಇಂದು ನನ್ನಿಂದಾಗದು’ ಎಂದು ಮನೆಯ ಹಿರಿಯರು ಸಂಕೋಚವಿಲ್ಲದೆ ಹೇಳುವ ಅವಕಾಶವನ್ನೂ ನಾವು ಕೊಂಡಂತಾಗುತ್ತದೆ. ಅಷ್ಟು ಅನುಕೂಲವಿಲ್ಲದವರು ಒಂದೆರಡು ರಾತ್ರಿ ಕಡಿಮೆ ತಂಗಿದರೂ ಆದೀತು. ಹಣ ಹಿಂದಿರುಗದ ಕರಾರನ್ನು ಮಾಡಲೇಬೇಕಾಗಿ ಬಂದರೆ, ಆ ಹಣ ಹೋದರೂ ಚಿಂತೆಯಿಲ್ಲವೆಂಬ ಮಾತನ್ನು ಕರಾರು ಓದುವ ದಿನವೇ ಹಿರಿಯರ ಮುಂದೆ ಸ್ಪಷ್ಟವಾಗಿ ಆಡಬೇಕು. ನಾವು ಆಡಲಿಲ್ಲ.

ಬೀಗಿತ್ತಿಯವರು ದಾವಣಗೆರೆಗೆ ಮರಳಿ ಕ್ಷೇಮವಾಗಿದ್ದಾರೆ. ಮನೆಗೆ ಬಂದವರಿಗೆ ಮಂಡಕ್ಕಿ ಕೊಟ್ಟು ಕೂಡಿಸಿ ಆ ಕೊಂಬಿನ ದನಗಳ ಚಿತ್ರ ತೋರಿಸುತ್ತಾರೆ. ಕಾಲಿನ ಹುಣ್ಣಿನ ಮಾತನ್ನು ಎತ್ತುವುದಿಲ್ಲ. ನಾವು ಅದನ್ನು ಇಲ್ಲಿ ಬರೆದದ್ದು ಅವರ ಅಪ್ಪಣೆ ಪಡೆದೇ. ‘ಬರೀರಿ ಬೀಗ್ರೇ, ಇನ್ನೊಬ್ರು ಮುಚ್ಚಿಡಬಾರದು’ ಎಂದರು.