ಹೊಗೆಕೊಳವೆಗಳ ನಡುವೆ ಹಾರಿದ ಹಂದಿ

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ದಕ್ಷಿಣಕ್ಕೆ ಹೊರಟ ರೈಲುಗಾಡಿ ಥೇಮ್ಸ್ ನದಿಯ ಸೇತುವೆಯನ್ನು ಏರುತ್ತಲೇ ಎಡಗಡೆಯಲ್ಲಿ ಇಟ್ಟಿಗೆಯ ಬೃಹತ್ ಸೌಧವೊಂದು ಗೋಚರಿಸುತ್ತದೆ. ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ಬಿಳಿಯ ಹೊಗೆಕೊಳವೆಗಳು ಗರುಡಗಂಬಗಳಂತೆ ನೆಟ್ಟಗೆ ನಿಂತಿವೆ. ಇದೇ ಬ್ಯಾಟರ್ಸೀ ವಿದ್ಯುದಾಗಾರ. ಇದನ್ನು ನೋಡಲು ಬರುವ ಪ್ರವಾಸಿಗಳಲ್ಲಿ ಕೆಲವರು ಕಟ್ಟಡಕ್ಕಿಂತ ಹೆಚ್ಚಾಗಿ ಕೊಳವೆಗಳ ನಡುವಣ ಆಕಾಶವನ್ನೇ ದಿಟ್ಟಿಸುವುದುಂಟು. ಅವರು ಅಲ್ಲಿ ಹುಡುಕುವುದು ಒಂದು ಹಂದಿಯನ್ನು!

ಕಟ್ಟಡದ ಕೆಲಸ ಆರಂಭವಾದುದು 1929ರಲ್ಲಿ. ಇಂಗ್ಲೆಂಡಿನ ಬೀದಿಗಳ ಕೆಂಪು ಟೆಲಿಫೋನ್ ಗೂಡನ್ನು ರೂಪಿಸಿದ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರೇ ಇದರ ಹೊರರೂಪಕ್ಕೂ ಕಾರಣರು. ಮೊದಲು ಎರಡೇ ಕೊಳವೆಗಳ ಅರ್ಧಭಾಗ ಸಿದ್ಧವಾಯಿತು. ಇಡೀ ಕಟ್ಟಡವು ನಾಲ್ಕು ಕೊಳವೆಗಳೊಡನೆ ಪೂರ್ಣಗೊಂಡುದು 1955ರಲ್ಲಿ. ಕಲ್ಲಿದ್ದಲನ್ನು ಉರಿಸಿ ಮಹಾನಗರಕ್ಕೆ ಬೆಳಕನ್ನೀಯುವುದು ಅದರ ಕಾಯಕವಾಗಿತ್ತು.

ಈ ಹೊಗೆಯ ಮಂದಿರಕ್ಕೆ ಹಂದಿಯನ್ನು ತಂದವರು ‘ಪಿಂಕ್ ಫ್ಲಾಯ್ಡ್’ ಎಂಬ ರಾಕ್ ವಾದ್ಯಮೇಳದವರು. ಮನುಷ್ಯರನ್ನು ನಾಯಿ, ಹಂದಿ, ಕುರಿಗಳೆಂದು ವಿಂಗಡಿಸಿ ಸಮಾಜವನ್ನು ಕಟಕಿಯಾಡುವ ‘ಅನಿಮಲ್ಸ್’ ಎಂಬ ಧ್ವನಿಮುದ್ರಿಕೆಯನ್ನು ಅವರು 1976ರಲ್ಲಿ ಸಿದ್ಧಪಡಿಸುತ್ತಿದ್ದರು. ಅಂಗಡಿಯಲ್ಲಿ ಹಾಡು ಕಿವಿಗೆ ಬೀಳುವ ಮೊದಲು ಕಣ್ಣಿಗೆ ಬೀಳುವುದು ತಟ್ಟೆಯ ಹೊದಿಕೆ. ಹನ್ನೆರಡು ಅಂಗುಲದ ಆ ಚೌಕದಲ್ಲಿ ಹಾಡಿನ ಆಶಯವೆಲ್ಲ ಅಡಗಬೇಕು. ವಿದ್ಯುದಾಗಾರದ ಮೇಲೆ ಹಂದಿಯೊಂದು ತೇಲಲಿ ಎಂಬ ಕಲ್ಪನೆ ಮೇಳದ ರೋಜರ್ ವಾಟರ್ಸ್ ಅವರದು. ಅದನ್ನು ಕಾರ್ಯಗತಗೊಳಿಸುವ ಹೊಣೆಯನ್ನು ‘ಹಿಪ್ನೋಸಿಸ್’ ಎಂಬ ಕಲಾಸಂಸ್ಥೆಯ ಸ್ಟಾರ್ಮ್ ಥಾರ್ಗರ್ಸನ್ ಮತ್ತು ಆಬ್ರಿ ಪೊವೆಲ್ ಹೊತ್ತರು.

ಹಂದಿಯ ಚಿತ್ರವನ್ನು ಕತ್ತರಿಸಿ ಕಟ್ಟಡದ ಚಿತ್ರಕ್ಕೆ ಅಂಟಿಸಿದ್ದರೆ ಒಂದು ದಿನದಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಈ ಕಲಾವಿದರದು ಬೇರೆಯೇ ಜಾಯಮಾನ. 1975ರ ಇನ್ನೊಂದು ಹೊದಿಕೆಗಾಗಿ ಅವರು ಸಾಹಸನಟನೊಬ್ಬನ ಉಡುಪಿಗೆ ನಿಜವಾಗಿಯೇ ಬೆಂಕಿ ಹಚ್ಚಿ ಛಾಯಾಚಿತ್ರ ತೆಗೆದಿದ್ದರು. ಎಂದ ಮೇಲೆ ಹಂದಿಯೂ ನಿಜವಾಗಿ ಹಾರಲೇಬೇಕು! ಸುಮಾರು ನಲವತ್ತು ಅಡಿ ಉದ್ದದ ಬಲೂನಿನ ಹಂದಿ ತಯಾರಾಯಿತು. ಅದಕ್ಕೆ ಹೀಲಿಯಂ ಅನಿಲವನ್ನು ತುಂಬುವುದೆಂದಾಯಿತು. ಹಗ್ಗ ಕಡಿದುಹೋದರೆ ಗುಂಡಿಕ್ಕಿ ಕೆಳಗಿಳಿಸಲು ಬಂದೂಕುದಾರನೂ ಹಾಜರಾದ.

ಮೊದಲ ದಿನ, ಡಿಸೆಂಬರ್ 2ರಂದು, ಮೋಡಗಳ ಭವ್ಯ ದೃಶ್ಯವಿತ್ತು. ಆದರೆ ಹಂದಿ ಹಾರಲು ಅಣಿಯಾಗಲಿಲ್ಲ. ಮರುದಿನ ಹಂದಿ ಏರಿತು. ಬಂದೂಕುದಾರನನ್ನು ಮಾತ್ರ ಕರೆಸಿರಲಿಲ್ಲ. ಗಾಳಿಯ ರಭಸಕ್ಕೆ ಹಗ್ಗ ಹರಿಯಿತು. ಹಂದಿ ಮೇಲೆ ಮೇಲೆ ಏರಿ ವಿಮಾನಗಳ ಹಾದಿಯನ್ನೇ ಹಿಡಿಯಿತು. ಹೀತ್ರೂ ನಿಲ್ದಾಣದಲ್ಲಿ ಗಾಬರಿಯೆದ್ದಿತು. ಕಡೆಗೆ ರಾತ್ರಿಯ ಹೊತ್ತಿಗೆ ಅದು ಕೆಂಟ್ ಪ್ರಾಂತದ ರೈತನೊಬ್ಬನ ಹೊಲಕ್ಕೆ ಇಳಿಯಿತು. ಮೂರನೆಯ ದಿನ ಹಂದಿ ವಿಧೇಯವಾಗಿ ತೇಲಿತು. ಆದರೆ ಆಕಾಶ ನೀರಸವಾಗಿತ್ತು.

ಆಗ ಕಲಾವಿದರು ಮಾಡಿದುದೇನು? ಮೊದಲ ದಿನದ ಆಕಾಶಕ್ಕೆ ಮೂರನೆಯ ದಿನದ ಹಂದಿಯನ್ನು ಅಂಟಿಸಿದರು! ಯಾವುದನ್ನು ಬೇಡವೆಂದು ದೂರವಿಟ್ಟಿದ್ದರೋ ಆ ಕತ್ತರಿಯೇ ಕಡೆಗೆ ಅವರ ಕೈಹಿಡಿಯಿತು. 1977ರ ಜನವರಿಯಲ್ಲಿ ತಟ್ಟೆ ಹೊರಬಂದಿತು.

ಇತ್ತ ವಿದ್ಯುದಾಗಾರದ ಗತಿ ಬದಲಾಗುತ್ತಿತ್ತು. 1983ರಲ್ಲಿ ಉತ್ಪಾದನೆ ಸಂಪೂರ್ಣ ನಿಂತಿತು. ವಿನೋದೋದ್ಯಾನವನ್ನು ನಿರ್ಮಿಸಹೊರಟವರು ಮಾಡನ್ನು ತೆಗೆಸಿ, ಕೆಲಸವನ್ನು ಅರ್ಧಕ್ಕೇ ಕೈಬಿಟ್ಟರು. ಯಂತ್ರಗಳಿದ್ದ ಮಂದಿರ ಮಳೆಬಿಸಿಲಿಗೆ ಬಯಲಾಯಿತು. ದಶಕಗಳ ತರುವಾಯ ಜೀರ್ಣೋದ್ಧಾರವಾಗಿ, 2022ರ ಅಕ್ಟೋಬರಿನಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಕಲ್ಲಿದ್ದಲ ಧೂಳಿದ್ದೆಡೆ ಈಗ ಥಳಥಳಿಸುವ ಅಂಗಡಿಗಳು, ಕಚೇರಿಗಳು, ಸಿರಿವಂತರ ಮನೆಗಳು. ಧನಬಲದ ಕೊಬ್ಬನ್ನು ಹಂದಿಯಾಗಿ ಅಣಕಿಸಿದ ಹಾಡುಗಳನ್ನು ಬಲ್ಲವರಿಗೆ ಇಲ್ಲಿ ಒಳಗೊಳಗೇ ನಗು ಬಂದೀತು.

ಒಂದು ಕೊಳವೆಯೊಳಗಿನ ಗಾಜಿನ ಲಿಫ್ಟು ಪ್ರೇಕ್ಷಕರನ್ನು 109 ಮೀಟರು ಎತ್ತರಕ್ಕೆ ಒಯ್ಯುತ್ತದೆ. ಆದರೆ ಶಿಥಿಲಗೊಂಡಿದ್ದ ಹಳೆಯ ಕೊಳವೆಗಳನ್ನು ಕೆಡವಿ, 2014 ಮತ್ತು 2017ರ ನಡುವೆ ಅದೇ ಆಕಾರದಲ್ಲಿ ಹೊಸದಾಗಿ ಕಟ್ಟಲಾಗಿದೆ. ಚಿತ್ರದಲ್ಲಿರುವ ಕೊಳವೆಗಳು ಇವಲ್ಲ. ಹಂದಿಯಂತೂ ಆ ಆಕಾಶದಲ್ಲಿ ಹಾರಿದುದೇ ಇಲ್ಲ. ಆದರೂ ಚಿತ್ರವನ್ನು ಕಂಡವರು ಇಲ್ಲಿಗೆ ಬಂದರೆ, ನದಿಯ ಗಾಳಿಗೆ ಮುಖವೊಡ್ಡಿ, ಕತ್ತೆತ್ತಿ, ಆ ಎರಡು ಕೊಳವೆಗಳ ನಡುವಣ ಬರಿದಾದ ಬಾನನ್ನು ಅರೆಗಳಿಗೆ ನೋಡದೆ ಮುಂದೆ ಹೋಗಲಾರರು.